ಒಳಕೋಣೆಯ ಟಿವಿಯಲ್ಲಿ ಮಾತ್ರ ವಿಡಿಯೊ ನಿಲ್ಲುವುದೇಕೆ? ಕೊಡಗಿನ ಮನೆಗಳಿಗೆ ನೆಟ್‌ವರ್ಕ್ ದೋಷ ನಿವಾರಣೆ ಕೈಪಿಡಿ

ಮನೆಯ ಒಂದು ಮೂಲೆಯಲ್ಲಿ ರೂಟರ್, ಅದರ ಪಕ್ಕ ಹಾರ್ಡ್‌ಡಿಸ್ಕ್ ಅಥವಾ ಹಳೆಯ ಕಂಪ್ಯೂಟರ್. ಅದರಲ್ಲಿ ಮದುವೆಯ ವಿಡಿಯೊ, ಸಿನಿಮಾ, ಮಕ್ಕಳ ಪಾಠ. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದರೆ ಎಲ್ಲವೂ ಸರಾಗ. ಅದೇ ಫೈಲನ್ನು ಒಳಕೋಣೆಯ ಟಿವಿಯಲ್ಲಿ ಹಾಕಿದರೆ ಐದು ನಿಮಿಷಕ್ಕೊಮ್ಮೆ ಚಿತ್ರ ನಿಂತು ಚಕ್ರ ತಿರುಗುತ್ತದೆ. ಹಳೆಯ ಐನ್‌ಮನೆ, ತೋಟದ ಬಂಗಲೆ, ಎರಡು ಮೂರು ಕಾಟೇಜುಗಳ ಹೋಂಸ್ಟೇ ಇರುವ ಕಡೆಯಲ್ಲೆಲ್ಲ ಈ ದೂರು ಇದ್ದದ್ದೇ. ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಇಂಟರ್ನೆಟ್ ಪ್ಲ್ಯಾನ್ ದೊಡ್ಡದು ಮಾಡಿಸಿ, ಇಲ್ಲವೇ ವೈಫೈ ಎಕ್ಸ್‌ಟೆಂಡರ್ ತನ್ನಿ. ಮೊದಲನೆಯದರಿಂದ ಈ ದೋಷ ಹೋಗುವುದಿಲ್ಲ, ಏಕೆಂದರೆ ಫೈಲು ಮನೆಯೊಳಗೇ ಇದೆ, ಅದು ಟಿವಿಗೆ ಬರಲು ಹೊರಗೆ ಹೋಗಬೇಕಾಗಿಲ್ಲ. ಎರಡನೆಯದು ಎಷ್ಟೋ ಸಲ ದೋಷವನ್ನು ಹೆಚ್ಚಿಸುತ್ತದೆ. ದುಡ್ಡು ಬಿಚ್ಚುವ ಮೊದಲು ಒಂದು ಸಂಜೆಯನ್ನು ಪರೀಕ್ಷೆಗೆ ಕೊಡಿ.

ಅದಕ್ಕೆ ಬೇಕಾದ ಸಾಮಾನು ಇಷ್ಟು: ಎರಡೂ ತುದಿಗೆ ಜಾಕ್ ಹಾಕಿಯೇ ಸಿಗುವ 20 ಮೀಟರ್ ಲ್ಯಾನ್ ಕೇಬಲ್, ಒಂದು ಪೆನ್‌ಡ್ರೈವ್, ವೈಫೈ ಅನಲೈಜರ್ ಆ್ಯಪ್ ಇರುವ ಆಂಡ್ರಾಯ್ಡ್ ಫೋನ್. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಮತ್ತು ಲ್ಯಾನ್ ಟೆಸ್ಟರ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ.

ನಿಮ್ಮ ವಿಡಿಯೊಗೆ ಎಷ್ಟು ವೇಗ ಬೇಕು?

ಲೆಕ್ಕ ಸುಲಭ. ಫೈಲಿನ ಗಾತ್ರ ಎಷ್ಟು ಜಿಬಿ ಇದೆಯೋ ಅದನ್ನು 8000ದಿಂದ ಗುಣಿಸಿ, ವಿಡಿಯೊ ಓಡುವ ಒಟ್ಟು ಸೆಕೆಂಡಿನಿಂದ ಭಾಗಿಸಿ. ಎರಡು ಗಂಟೆಯ ಸಿನಿಮಾ 4.5 ಜಿಬಿ ಇದ್ದರೆ 36,000 ಭಾಗ 7,200, ಅಂದರೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್). ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದ ಹತ್ತು ನಿಮಿಷದ ವಿಡಿಯೊ 3.6 ಜಿಬಿ ಇದ್ದರೆ 48 ಎಂಬಿಪಿಎಸ್. ಸಿನಿಮಾ ಸರಿಯಾಗಿ ಓಡಿ, ಹುತ್ತರಿ ಹಬ್ಬದ ದಿನ ನೀವೇ ತೆಗೆದ ವಿಡಿಯೊ ಮಾತ್ರ ನಿಲ್ಲುತ್ತಿದ್ದರೆ ಕಾರಣ ಇಲ್ಲೇ ಇದೆ: ಅದಕ್ಕೆ ಸಿನಿಮಾದ ಹತ್ತು ಪಟ್ಟು ವೇಗ ಬೇಕು. ಮೂಲ ಬ್ಲೂರೇ ಡಿಸ್ಕಿನ ಚಿತ್ರ 40 ಎಂಬಿಪಿಎಸ್‌ವರೆಗೂ, 4ಕೆ ಬ್ಲೂರೇ 128ರವರೆಗೂ ಹೋಗಬಹುದು.

ನಿಮಗೆ ಸಿಕ್ಕಿದ್ದು ಸರಾಸರಿ ಅಂಕಿ. ಓಡುವ ನೀರು, ಮಳೆಯಲ್ಲಿ ಅಲ್ಲಾಡುವ ಎಲೆಗಳು, ಕುಣಿಯುವ ಜನ ಇರುವ ದೃಶ್ಯ ಬಂದಾಗ ವೇಗ ಏರುತ್ತದೆ. ಹಾಗಾಗಿ ದಾರಿಯಲ್ಲಿ ಸರಾಸರಿಯ ಎರಡು ಪಟ್ಟು ಜಾಗ ಇರಬೇಕು. ಒಂದೇ ಫೈಲು ಒಂದೇ ದೃಶ್ಯದಲ್ಲಿ ಪ್ರತಿ ಸಲ ನಿಲ್ಲುತ್ತಿದ್ದರೆ ಜಾಗ ಸಾಲುತ್ತಿಲ್ಲ ಎಂದೇ ಅರ್ಥ. ಬೇರೆ ಬೇರೆ ಕಡೆ ಮನಬಂದಂತೆ ನಿಂತರೆ ಸಿಗ್ನಲ್ ಅಥವಾ ಕರೆಂಟಿನ ತೊಂದರೆಯನ್ನು ಹುಡುಕಬೇಕು.

ಮೊದಲು ಪೆನ್‌ಡ್ರೈವ್, ಆಮೇಲೆ ನೆಲದ ಮೇಲೆ ಕೇಬಲ್

ತೊಂದರೆ ಕೊಡುವ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿ ಟಿವಿಯ ಹಿಂಭಾಗಕ್ಕೆ ನೇರವಾಗಿ ಚುಚ್ಚಿ. ಕಾಪಿ ಮಾಡುವಾಗಲೇ 'ಫೈಲು ತುಂಬಾ ದೊಡ್ಡದು' ಎಂದು ಬಂದರೆ ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಒಳಗಿದ್ದುದನ್ನು ಬೇರೆಡೆಗೆ ಇಳಿಸಿ ಎನ್‌ಟಿಎಫ್‌ಎಸ್ ಮಾದರಿಗೆ ಫಾರ್ಮ್ಯಾಟ್ ಮಾಡಿ.

ಪೆನ್‌ಡ್ರೈವಿನಲ್ಲೂ ಚಿತ್ರ ತಡವರಿಸಿದರೆ ನೆಟ್‌ವರ್ಕಿನ ತಪ್ಪಲ್ಲ. ಎಚ್.265 ಎಂಬ ಹೊಸ ಮಾದರಿಯಲ್ಲಿ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸುವ ಶಕ್ತಿ ಹಳೆಯ ಟಿವಿಗಳಿಗಿಲ್ಲ. ಡಿಟಿಎಸ್ ಧ್ವನಿ ಎಷ್ಟೋ ಟಿವಿಗಳಲ್ಲಿ ಬರುವುದೇ ಇಲ್ಲ, ಚಿತ್ರ ಓಡುತ್ತದೆ ಮಾತು ಕೇಳುವುದಿಲ್ಲ. ಅಂಥ ಟಿವಿಗೆ ಒಂದು ಆಂಡ್ರಾಯ್ಡ್ ಬಾಕ್ಸ್ ಅಥವಾ ಟಿವಿ ಸ್ಟಿಕ್ ಹಾಕುವುದು ಹೊಸ ಟಿವಿಗಿಂತ ಅಗ್ಗ.

ಪೆನ್‌ಡ್ರೈವಿನಲ್ಲಿ ಚೆನ್ನಾಗಿ ಓಡಿತೆಂದರೆ ಎರಡನೆಯ ಪರೀಕ್ಷೆ. 20 ಮೀಟರ್ ಕೇಬಲನ್ನು ರೂಟರಿನಿಂದ ಟಿವಿಯವರೆಗೆ, ಬಾಗಿಲುಗಳ ಕೆಳಗೆ, ನೆಲದ ಮೇಲೇ ಹಾಸಿ. ಹೊಸ್ತಿಲಿನ ಹತ್ತಿರ ಯಾರೂ ಎಡವದಂತೆ ಚಾಪೆ ಹೊದಿಸಿ. ಟಿವಿಯ ವೈಫೈ ಆಫ್ ಮಾಡಿ ಅರ್ಧ ಗಂಟೆ ನೋಡಿ. ಚಿತ್ರ ಒಮ್ಮೆಯೂ ನಿಲ್ಲದಿದ್ದರೆ ತೊಂದರೆ ವೈಫೈಯಲ್ಲಿದೆ. ಕೇಬಲಿನಲ್ಲೂ ನಿಂತರೆ ತೊಂದರೆ ಫೈಲು ಇರುವ ಕಡೆ, ಅಂದರೆ ಡಿಸ್ಕ್ ಅಥವಾ ಕಂಪ್ಯೂಟರಿನಲ್ಲಿದೆ. ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆ ಮಾಡುವುದಾದರೆ ಇದನ್ನು ಮಾಡಿ. ಇದನ್ನು ಬಿಟ್ಟು ಕೊಂಡ ಯಾವ ಡಬ್ಬವೂ ಊಹೆಯ ಮೇಲೆ ಕೊಂಡದ್ದೇ.

ಇಲ್ಲಿ ಒಂದು ಎಚ್ಚರ. ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಬೆಲೆ ಹೆಚ್ಚಿನ ಟಿವಿಯಲ್ಲೂ ಹಾಗೇ ಇರಬಹುದು. ಅದರಿಂದ ನಿಜವಾಗಿ ಸಿಗುವುದು ಸುಮಾರು 94. ಮೂಲ 4ಕೆ ಬ್ಲೂರೇ ಫೈಲಿನ ಕೆಲವು ದೃಶ್ಯಗಳು ಅದನ್ನು ಮೀರುತ್ತವೆ. ಆಗ ಕೇಬಲ್ ಹಾಕಿದಾಗ ನಿಂತ ಚಿತ್ರ, ಹತ್ತಿರದ 5 ಗಿಗಾಹರ್ಟ್ಸ್ ವೈಫೈಯಲ್ಲಿ ಓಡುವುದೂ ಉಂಟು. ಉಳಿದ ಎಲ್ಲ ಫೈಲುಗಳಿಗೆ 94 ಧಾರಾಳ.

ಕೇಬಲಿನಲ್ಲೂ ನಿಂತರೆ: ಡಿಸ್ಕ್ ಮತ್ತು ಕಂಪ್ಯೂಟರ್

ರೂಟರಿನ ಯುಎಸ್‌ಬಿ ಪೋರ್ಟಿಗೆ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ಕಿವಿಗೊಟ್ಟು ಕೇಳಿ. ಟಿಕ್ ಟಿಕ್ ಎಂದು ಸದ್ದು ಬಂದು ಡಿಸ್ಕ್ ನಿಂತು ಮತ್ತೆ ತಿರುಗಿದರೆ ಅದಕ್ಕೆ ಕರೆಂಟು ಸಾಲುತ್ತಿಲ್ಲ. ಯುಎಸ್‌ಬಿ 2 ಪೋರ್ಟ್ 500 ಮಿಲಿಆ್ಯಂಪ್ ಕೊಡುತ್ತದೆ, ಯುಎಸ್‌ಬಿ 3 ಪೋರ್ಟ್ 900. ಡಿಸ್ಕ್ ತಿರುಗಲು ಶುರುವಾಗುವಾಗ ಇದಕ್ಕಿಂತ ಹೆಚ್ಚು ಕೇಳಬಹುದು. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿನ ಮೂಲಕ ಜೋಡಿಸಿ.

ಯುಎಸ್‌ಬಿ 3 ಡಿಸ್ಕಿಗೆ ಇನ್ನೊಂದು ಗುಣವಿದೆ. ಅದು ಮತ್ತು ಅದರ ಕೇಬಲ್ ಕೆಲಸ ಮಾಡುವಾಗ, ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳ ಪೈಕಿ 2.4ರಲ್ಲೇ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಡಿಸ್ಕನ್ನು ರೂಟರಿನ ಆಂಟೆನಾಕ್ಕೆ ಒರಗಿಸಿಟ್ಟರೆ, ಫೈಲು ಓದಲು ಶುರುಮಾಡಿದ ಕೂಡಲೇ ದೂರದ ಕೋಣೆಯ ವೈಫೈ ಕುಸಿಯುತ್ತದೆ. ಫೈಲು ನಿಲ್ಲಿಸಿದರೆ ವೈಫೈ ಸರಿಹೋಗುತ್ತದೆ. ಪರೀಕ್ಷಿಸುವವರು ವಿಡಿಯೊ ನಿಲ್ಲಿಸಿ ವೇಗ ಅಳೆಯುವುದರಿಂದ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಡಿಸ್ಕನ್ನು ಒಂದು ಮೀಟರಿನಷ್ಟು ದೂರಕ್ಕೆ ಸರಿಸಿ, ಅಥವಾ ರೂಟರಿನ ಸೆಟ್ಟಿಂಗಿನಲ್ಲಿ ಆ ಪೋರ್ಟನ್ನು ಯುಎಸ್‌ಬಿ 2ಕ್ಕೆ ಇಳಿಸಿ. ಒಂದು ಟಿವಿಗೆ ವಿಡಿಯೊ ಕಳಿಸಲು ಯುಎಸ್‌ಬಿ 2ರ ವೇಗ ಸಾಕು.

ಕಂಪ್ಯೂಟರಿನಿಂದ ಟಿವಿಗೆ ವಿಡಿಯೊ ಕಳಿಸುವ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ತಂತ್ರಾಂಶ ಹಾಕಿದ್ದರೆ, ವಿಡಿಯೊ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಎಷ್ಟು ಶೇಕಡಾ ದುಡಿಯುತ್ತಿದೆ ನೋಡಿ. 100ರ ಹತ್ತಿರ ನಿಂತಿದ್ದರೆ ಅದು ಟಿವಿಗೆ ಒಗ್ಗದ ಫೈಲನ್ನು ಕೂಡಲೇ ಬೇರೆ ಮಾದರಿಗೆ ಮಾರ್ಪಡಿಸುತ್ತಾ ಕಳಿಸುತ್ತಿದೆ. ಹತ್ತು ವರ್ಷ ಹಳೆಯ ಕಂಪ್ಯೂಟರಿಗೆ ಇದು ಹೊರಲಾಗದ ಹೊರೆ. ಟಿವಿಯ ಆ್ಯಪಿನಲ್ಲಿ ಗುಣಮಟ್ಟವನ್ನು 'ಮೂಲದಂತೆ' ಎಂದಿಡಿ. ಡಿಸ್ಕಿನಿಂದ ತೆಗೆದ, ಚಿತ್ರದ ರೂಪದಲ್ಲಿರುವ ಸಬ್‌ಟೈಟಲ್ ಆಫ್ ಮಾಡಿ, ಏಕೆಂದರೆ ಅದನ್ನು ಚಿತ್ರದ ಮೇಲೆ ಅಚ್ಚೊತ್ತಲು ಇಡೀ ಚಿತ್ರವನ್ನೇ ಮತ್ತೆ ತಯಾರಿಸಬೇಕಾಗುತ್ತದೆ. ಅಕ್ಷರ ರೂಪದ ಎಸ್‌ಆರ್‌ಟಿ ಸಬ್‌ಟೈಟಲಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ವೈಫೈ: ಗೋಡೆ, ತಗಡು, ಒದ್ದೆ

ಫೋನಿನ ಆ್ಯಪ್ ತೆರೆದು, ಫೋನನ್ನು ಟಿವಿಯ ಬೆನ್ನಿಗೆ ಹಿಡಿಯಿರಿ. ಸೋಫಾದ ಮೇಲೆ ಕೂತು ಅಳೆಯಬೇಡಿ. ಟಿವಿಯ ಆಂಟೆನಾ ಇರುವುದು ಅದರ ಬೆನ್ನಿನಲ್ಲಿ, ಗೋಡೆಗೆ ಅಂಟಿಕೊಂಡು. ಸಿಗ್ನಲ್ ಡಿಬಿಎಂ ಎಂಬ ಅಂಕಿಯಲ್ಲಿ, ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ. ಮೈನಸ್ 50 ಇದ್ದರೆ ಬಹಳ ಚೆನ್ನ. ಮೈನಸ್ 67ರವರೆಗೆ ವಿಡಿಯೊ ನಂಬಿಕೆಯಿಂದ ಓಡುತ್ತದೆ. 70 ದಾಟಿದರೆ ತಡವರಿಕೆ ಶುರು. 80ರ ಹತ್ತಿರ ವಾಟ್ಸ್‌ಆ್ಯಪ್ ಸಂದೇಶ ಹೋದೀತು, ವಿಡಿಯೊ ಬಾರದು. ಪ್ರತಿ 3 ಅಂಕಿ ಇಳಿದಾಗ ಸಿಗ್ನಲಿನ ಶಕ್ತಿ ಅರ್ಧವಾಗುತ್ತದೆ, ಹಾಗಾಗಿ 64 ಮತ್ತು 70ರ ನಡುವಿನ ಅಂತರ ಸಣ್ಣದಲ್ಲ. ಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಅಳೆಯಿರಿ.

ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಒಂದನ್ನು 2.4 ಗಿಗಾಹರ್ಟ್ಸ್ ದಾಟುತ್ತದೆ, ಎರಡನ್ನು ಕಷ್ಟಪಟ್ಟು ದಾಟುತ್ತದೆ. 5 ಗಿಗಾಹರ್ಟ್ಸ್ ಎರಡನೆಯದರಲ್ಲೇ ಸೋಲುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಮಡಿಕೇರಿ, ಭಾಗಮಂಡಲದ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಕಕ್ಕಡ ತಿಂಗಳಲ್ಲಿ ಗೋಡೆ ಕೈ ಇಟ್ಟರೆ ತಣ್ಣಗೆ ಒದ್ದೆ. ನೀರು ರೇಡಿಯೊ ತರಂಗವನ್ನು ಹೀರುತ್ತದೆ, ನೀರು ಕುಡಿದ ಗೋಡೆಯೂ ಅಷ್ಟೇ. ಫೆಬ್ರುವರಿಯಲ್ಲಿ 68 ತೋರಿಸಿದ ಜಾಗ ಜುಲೈಯಲ್ಲಿ 70 ದಾಟಿದರೆ ರೂಟರ್ ಹಾಳಾಗಿದೆ ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಅಳೆದು ಕೊಳ್ಳುವುದಾದರೆ ನಾಲ್ಕೈದು ಅಂಕಿ ಕೈಯಲ್ಲಿಟ್ಟುಕೊಳ್ಳಿ. ಕುಶಾಲನಗರದ ಬಯಲು ಕಡೆ ಮಳೆ ಅರ್ಧಕ್ಕಿಂತಲೂ ಕಡಿಮೆ, ಅಲ್ಲಿ ಈ ಮಾತು ಅಷ್ಟಾಗಿ ಅನ್ವಯಿಸದು.

ಗೋಡೆಗಿಂತ ಕೆಟ್ಟದ್ದು ಲೋಹ. ಉಕ್ಕಿನ ಬೀರು, ಅದರ ಬಾಗಿಲಿನ ಕನ್ನಡಿ, ಅಂಗಳಕ್ಕೆ ಇಳಿಸಿದ ತಗಡಿನ ಶೀಟು, ಇವೆಲ್ಲ ಸಿಗ್ನಲನ್ನು ಹೊಡೆದು ಹಿಂದಕ್ಕೆ ಕಳಿಸುತ್ತವೆ. ಕುಯ್ಲು ಮುಗಿದು ಕಾಫಿ, ಕಾಳುಮೆಣಸಿನ ಚೀಲಗಳನ್ನು ನಡುಕೋಣೆಯಲ್ಲಿ ಪೇರಿಸಿದ ಮೇಲೆ ಟಿವಿ ನಿಲ್ಲಲು ಶುರುವಾದರೆ ಆ ರಾಶಿಯನ್ನೂ ಅನುಮಾನಿಸಿ. ಎಷ್ಟೋ ಮನೆಗಳಲ್ಲಿ ಫೈಬರ್ ತಂದವರು ಡಬ್ಬವನ್ನು ತಮಗೆ ಹತ್ತಿರವಾದ ಕಿಟಕಿಯ ಕೆಳಗೆ, ಮೀಟರ್ ಬೋರ್ಡಿನ ಪಕ್ಕ ಕೂರಿಸಿ ಹೋಗಿರುತ್ತಾರೆ. ಅದನ್ನು ಆರು ಅಡಿ ಎತ್ತರಕ್ಕೆ, ಬೀರುವಿನ ಮರೆಯಿಲ್ಲದ ಗೋಡೆಗೆ, ಬಾಗಿಲಿನ ನೇರಕ್ಕೆ ಏರಿಸಿ ಮತ್ತೆ ಅಳೆಯಿರಿ. ಖರ್ಚಿಲ್ಲದ ಕೆಲಸವಿದು, ಹತ್ತು ಅಂಕಿ ಸಿಕ್ಕಿದರೂ ಸಿಕ್ಕೀತು. ಫೈಬರ್ ತಂತಿಯನ್ನು ಮಾತ್ರ ಬಿಗಿಯಾಗಿ ಮಡಚಬೇಡಿ. ಸುತ್ತು ಒಂದು ಟೀ ಲೋಟದ ಬಾಯಿಗಿಂತ ಸಣ್ಣದಾಗದಿರಲಿ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲನ್ನು 1, 6, 11ರಲ್ಲಿ ಒಂದಕ್ಕೆ ಕಟ್ಟಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಒಂಟಿ ತೋಟದ ಮನೆಯಲ್ಲಿ ಪಕ್ಕದವರ ವೈಫೈ ಇರುವುದಿಲ್ಲ, ಅಲ್ಲಿ ಯಾವ ಚಾನೆಲಾದರೂ ನಡೆಯುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಒತ್ತೊತ್ತಾದ ಮನೆಗಳಲ್ಲಿ ಆ್ಯಪ್ ತೋರಿಸುವ ಖಾಲಿ ಚಾನೆಲ್ ಆರಿಸಬೇಕು. ಮೈಕ್ರೋವೇವ್ ಓವನ್ ಹಾಕಿದಾಗಲೇ ಚಿತ್ರ ನಿಂತರೆ ಅದೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ. ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ದಾಟಿಸಿ.

ಎಕ್ಸ್‌ಟೆಂಡರ್ ತಂದ ಮೇಲೂ ನಿಲ್ಲುತ್ತಿದೆಯೇ?

ಅಗ್ಗದ ಎಕ್ಸ್‌ಟೆಂಡರಿನಲ್ಲಿ ಇರುವುದು ಒಂದೇ ರೇಡಿಯೊ. ರೂಟರಿನಿಂದ ಕೇಳಿಸಿಕೊಂಡದ್ದನ್ನು ಅದೇ ಬಾಯಿಂದ ಟಿವಿಗೆ ಹೇಳಬೇಕು. ಎರಡನ್ನೂ ಒಟ್ಟಿಗೆ ಮಾಡಲಾಗದು. ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಜನ ಅದನ್ನು ಟಿವಿಯ ಪಕ್ಕದ ಸಾಕೆಟಿಗೇ ಚುಚ್ಚುತ್ತಾರೆ. ಟಿವಿಯಲ್ಲಿ ಐದೂ ಗೆರೆ ಕಾಣುತ್ತವೆ, ವಿಡಿಯೊ ಮಾತ್ರ ನಿಲ್ಲುತ್ತದೆ. ಕಾಣುವ ಗೆರೆ ಟಿವಿಗೂ ಎಕ್ಸ್‌ಟೆಂಡರಿಗೂ ನಡುವಿನದು. ಎಕ್ಸ್‌ಟೆಂಡರಿಗೆ ರೂಟರ್ ಕೇಳುತ್ತಲೇ ಇಲ್ಲ. ಅದನ್ನು ನಡುದಾರಿಗೆ, ಫೋನು ಮೈನಸ್ 60ರಿಂದ 65 ತೋರಿಸುವ ಜಾಗಕ್ಕೆ ತನ್ನಿ. ಎರಡು ಪಟ್ಟಿಯದಾದರೆ ರೂಟರಿನ ಕಡೆಗೆ 5, ಟಿವಿಯ ಕಡೆಗೆ 2.4 ಎಂದು ಹಂಚಿ.

ಎರಡನೆಯ ರೂಟರ್ ಹಾಕಿದ ಮೇಲೆ ಸರ್ವರ್ ಕಾಣುವುದಿಲ್ಲ

ಯೂಟ್ಯೂಬ್ ಓಡುತ್ತದೆ, ಮನೆಯ ಡಿಸ್ಕ್ ಮಾತ್ರ ಟಿವಿಯ ಪಟ್ಟಿಯಲ್ಲಿ ಇಲ್ಲ ಎಂದರೆ ಮನೆಯಲ್ಲಿ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗಿವೆ. ಹೊಸ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಕೇಬಲ್ ಚುಚ್ಚಿದಾಗ ಅದು ತನ್ನದೇ ಒಂದು ಬೇಲಿ ಹಾಕಿಕೊಳ್ಳುತ್ತದೆ. ಡಿಎಲ್‌ಎನ್‌ಎ (ಮನೆಯ ಸಾಧನಗಳ ನಡುವೆ ವಿಡಿಯೊ ಹಂಚುವ ಪದ್ಧತಿ) ಸರ್ವರ್ 'ನಾನಿಲ್ಲಿದ್ದೇನೆ' ಎಂದು ಕೂಗುವುದು ಬೇಲಿಯ ಆಚೆಗೆ ಕೇಳುವುದಿಲ್ಲ.

ಹೊಸ ರೂಟರಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆನ್ ಮಾಡಿದರೆ ಸಾಕು. ಇಲ್ಲದಿದ್ದರೆ ಮೂರು ಕೆಲಸ, ಇದೇ ಕ್ರಮದಲ್ಲಿ: ಅದರ ವಿಳಾಸವನ್ನು ಮುಖ್ಯ ರೂಟರಿನದಕ್ಕಿಂತ ಬೇರೆ ಮಾಡಿ (ಮುಖ್ಯದ್ದು 192.168.1.1 ಆದರೆ ಇದು 192.168.1.2), ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಆಮೇಲೆ ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡದೆ ಚುಚ್ಚಿದರೆ ಇಡೀ ಮನೆಯ ಇಂಟರ್ನೆಟ್ ಕಣ್ಣುಮುಚ್ಚಾಲೆ ಆಡುತ್ತದೆ.

ಇಷ್ಟಾದರೂ ಕಾಣದಿದ್ದರೆ ಟಿವಿ ಗೆಸ್ಟ್ ವೈಫೈಗೆ ಸೇರಿದೆಯೇ ನೋಡಿ. ಹೋಂಸ್ಟೇಗಳಲ್ಲಿ ಅತಿಥಿಗಳಿಗೆಂದು ಮಾಡಿದ ಗೆಸ್ಟ್ ನೆಟ್‌ವರ್ಕ್ ಒಳಗಿನ ಸಾಧನಗಳನ್ನು ಬೇಕೆಂದೇ ಮುಚ್ಚಿಡುತ್ತದೆ, ಅದು ಹಾಗೇ ಇರಬೇಕು. ಟಿವಿಯನ್ನು ಮನೆಯ ನೆಟ್‌ವರ್ಕಿಗೆ ತನ್ನಿ. ಕಂಪ್ಯೂಟರಿನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ. ಹಳೆಯ ಮೀಡಿಯಾ ಬಾಕ್ಸ್‌ಗಳು ಫೈಲು ಹಂಚಲು ಎಸ್‌ಎಂಬಿ1 ಎಂಬ ಹಳೆಯ ಪದ್ಧತಿಯನ್ನೇ ಕೇಳುತ್ತವೆ. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನು ಹೊಸದಾಗಿ ಹಾಕುವಾಗ ಸೇರಿಸುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಮತ್ತೆ ಆನ್ ಮಾಡುವುದು ತಪ್ಪು. ಡಿಎಲ್‌ಎನ್‌ಎ ಮೂಲಕ ಹಂಚಿ.

ಹಾಗಾದರೆ ಏನು ಕೊಳ್ಳಬೇಕು?

ಟಿವಿ ಜಾಗ ಬಿಟ್ಟು ಕದಲುವುದಿಲ್ಲ, ಆದ್ದರಿಂದ ಅದಕ್ಕೆ ಕೇಬಲ್ ಎಳೆಯಿರಿ, ವೈಫೈಯನ್ನು ಫೋನುಗಳಿಗೆ ಬಿಡಿ. ನಮ್ಮ ಅಭಿಪ್ರಾಯ ಇಷ್ಟೇ, ಮತ್ತು ದಪ್ಪ ಗೋಡೆಯ ಮನೆಗಳಿಗೆ ಇದರಷ್ಟು ಅಗ್ಗದ, ಬಾಳಿಕೆಯ ದಾರಿ ಇನ್ನೊಂದಿಲ್ಲ. 30 ಮೀಟರ್ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್, ಐದು ಪೋರ್ಟಿನ ಒಂದು ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬ, ಮುಕ್ಕಾಲು ಇಂಚಿನ ಪಿವಿಸಿ ಪೈಪ್: ಇಷ್ಟಕ್ಕೆ ಆಗುವ ಖರ್ಚು ಒಳ್ಳೆಯ ಮೆಷ್ ಸೆಟ್ಟಿನ (ಕೋಣೆಕೋಣೆಗೆ ಇಡುವ ವೈಫೈ ಡಬ್ಬಗಳ ಗುಂಪಿನ) ಅರ್ಧವನ್ನೂ ಮುಟ್ಟುವುದಿಲ್ಲ. ಕೇಬಲ್ ಒಂದೇ ಓಟದಲ್ಲಿ 100 ಮೀಟರ್ ಮೀರದಿರಲಿ.

ರೂಟರನ್ನೇ ಬದಲಿಸುವುದಾದರೆ ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಎಸಿ1200 ಎಂದರೆ 2.4ರಲ್ಲಿ 300, 5ರಲ್ಲಿ 867, ಎರಡನ್ನೂ ಕೂಡಿಸಿ ಬರೆದದ್ದು. ಟಿವಿಗೆ ಸಿಗುವುದು ಎರಡರಲ್ಲಿ ಒಂದು, ಅದೂ ಕಾಗದದ ಮೇಲಿನ ವೇಗದ ಅರ್ಧ ಸಿಕ್ಕರೆ ಹೆಚ್ಚು. ಡಬ್ಬದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಲ್ಯಾನ್ ಪೋರ್ಟಿನ ವೇಗ ಓದಿ. ಎಸಿ1200 ಎಂದು ಮಾರುವ ಎಷ್ಟೋ ಅಗ್ಗದ ರೂಟರುಗಳ ಪೋರ್ಟು 10/100 ಮಾತ್ರ. 10/100/1000 ಎಂದಿದ್ದರೆ ಮಾತ್ರ ಗಿಗಾಬಿಟ್.

ಗೋಡೆ ಕೊರೆಯಲು, ಪೈಪ್ ಹೊಡೆಯಲು ಮನಸ್ಸಿಲ್ಲದ ಹಳೆಯ ಮರದ ಕೆತ್ತನೆಯ ಮನೆಗಳಲ್ಲಿ ಪವರ್‌ಲೈನ್ ಅಡಾಪ್ಟರ್ ನೆನಪಾಗುತ್ತದೆ. ಕರೆಂಟಿನ ತಂತಿಯಲ್ಲೇ ಅದು ಸಂಕೇತ ಕಳಿಸುತ್ತದೆ. ಎರಡೂ ತುಂಡು ಒಂದೇ ಫೇಸಿನಲ್ಲಿ ಇರಬೇಕು. ತೋಟದ ಮನೆಗಳಲ್ಲಿ ಮೂರು ಫೇಸ್ ಇರುವುದು ಸಾಮಾನ್ಯ, ಅಡುಗೆಮನೆ ಒಂದರಲ್ಲಿ, ಮಲಗುವ ಕೋಣೆ ಇನ್ನೊಂದರಲ್ಲಿ ಇರಬಹುದು. ಒಂದು ತುಂಡು ಇನ್ವರ್ಟರಿನ ಲೈನಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೂ ಸಂಪರ್ಕ ಕುಸಿಯುತ್ತದೆ. ಸ್ಪೈಕ್ ಬಸ್ಟರಿಗೆ ಚುಚ್ಚಿದರೆ ಅದರೊಳಗಿನ ಫಿಲ್ಟರ್ ಸಂಕೇತವನ್ನೇ ನುಂಗಿಹಾಕುತ್ತದೆ, ಗೋಡೆಯ ಸಾಕೆಟಿಗೇ ಹಾಕಬೇಕು. ಹಳೆಯ ವೈರಿಂಗ್ ಇರುವ ಮನೆಯಲ್ಲಿ ಹಿಂದಿರುಗಿಸುವ ಅವಕಾಶ ಇರುವ ಅಂಗಡಿಯಲ್ಲೇ ಕೊಳ್ಳಿ.

ಕೇಬಲ್ ಎಳೆದ ಮೇಲೆ ಬರುವ ದೋಷಗಳು

ಗಿಗಾಬಿಟ್ ಸ್ವಿಚ್ಚು, ಗಿಗಾಬಿಟ್ ಕಂಪ್ಯೂಟರು, ಆದರೂ ವೇಗ 94ರಲ್ಲೇ ನಿಂತಿದೆ. ಕೇಬಲಿನ ಎಂಟು ಎಳೆಗಳಲ್ಲಿ 100 ಎಂಬಿಪಿಎಸ್‌ಗೆ ಬೇಕಾದ್ದು ನಾಲ್ಕೇ: 1, 2, 3, 6. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಎಳೆ ತಪ್ಪಿದರೆ ಎರಡು ಕಡೆಯ ಸಾಧನಗಳು ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ, ಏನೂ ಕೆಟ್ಟಿಲ್ಲವೆಂಬಂತೆ ದೀಪ ಉರಿಯುತ್ತಲೇ ಇರುತ್ತದೆ.

ಜಾಕನ್ನು ಬೆಳಕಿಗೆ ಹಿಡಿದು ಮುಂತುದಿಯಿಂದ ನೋಡಿ. ಎಂಟು ತಾಮ್ರದ ಚುಕ್ಕಿಗಳು ಒಂದೇ ಸಾಲಿನಲ್ಲಿ ಪ್ಲಾಸ್ಟಿಕ್ಕಿನ ತುದಿಗೆ ತಾಗಿ ಮಿನುಗಬೇಕು. ಏಳು ಮಿನುಗಿ, ಕೊನೆಯ ಕಂದು ಎಳೆ ಕೂದಲಷ್ಟು ಹಿಂದೆ ನಿಂತಿದ್ದರೆ ಅದರ ಮೇಲಿನ ಚಿನ್ನದ ಬಣ್ಣದ ಹಲ್ಲು ಕಚ್ಚಿದ್ದು ಬರಿಯ ಗಾಳಿಯನ್ನು. ಕತ್ತರಿಸಿ ಹೊಸ ಜಾಕ್ ಹಾಕಿ. ಕೊಂಡಿ ಕೆಳಗೆ, ಚಿನ್ನದ ಹಲ್ಲು ಮೇಲೆ ಇರುವಂತೆ ಹಿಡಿದರೆ ಎಡದಿಂದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಒಂದಕ್ಕೊಂದು ಸುತ್ತಿದ ಜೋಡಿಗಳ ಹುರಿ ಬಿಚ್ಚುವುದು 13 ಮಿ.ಮೀ. ಮೀರದಿರಲಿ, ಹೊರಗಿನ ಸಿಪ್ಪೆ ಜಾಕಿನೊಳಗೆ ಹೋಗಿ ಅಲ್ಲೇ ಹಿಡಿದುಕೊಳ್ಳಬೇಕು. ಹಸಿರು-ಬಿಳಿಹಸಿರು ಜೋಡಿಯನ್ನು ಬಿಡಿಸಿ ನೀಲಿ ಜೋಡಿಯ ಎರಡು ಬದಿಗೆ ಹಾಕುವ ಬದಲು ಎಲ್ಲ ಬಣ್ಣವನ್ನೂ ಜೋಡಿಜೋಡಿಯಾಗಿ ಸಾಲಾಗಿ ಹಾಕುವವರಿದ್ದಾರೆ. ಟೆಸ್ಟರಿನಲ್ಲಿ ಎಂಟೂ ದೀಪ ಉರಿಯುತ್ತವೆ, ಆದರೆ 3 ಮತ್ತು 6 ಒಂದೇ ಹುರಿಯಲ್ಲಿ ಇರುವುದಿಲ್ಲವಾದ್ದರಿಂದ ಉದ್ದದ ಕೇಬಲಿನಲ್ಲಿ ಡೇಟಾ ಕೆಡುತ್ತದೆ.

ಕೊಳ್ಳುವಾಗ ಎಳೆಯೊಂದನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಬಾಗಿಸಿದರೆ ಬೇಗ ಮುರಿಯುತ್ತದೆ, ತೇವದಲ್ಲಿ ಜಾಕಿನ ಹಲ್ಲಿನ ಹತ್ತಿರ ಬೇಗ ಕೆಡುತ್ತದೆ. ಕೊಡಗಿಗೆ ಅದು ಬೇಡ.

ಅಟ್ಟದ ಮೇಲೆ ಬರಿ ಕೇಬಲ್ ಎಳೆದರೆ ಇಲಿ ಕಡಿಯುತ್ತದೆ. ಪೈಪಿನೊಳಗೇ ಎಳೆಯಿರಿ, ಆದರೆ ಕರೆಂಟಿನ ವೈರು ಇರುವ ಪೈಪಿನಲ್ಲಿ ಎಂದೂ ತೂರಿಸಬೇಡಿ. ಸಿಪ್ಪೆ ಹರಿದರೆ ಲ್ಯಾನ್ ಕೇಬಲಿಗೇ 230 ವೋಲ್ಟ್ ಬರುತ್ತದೆ. ಹೊರಗೋಡೆಯಿಂದ ಒಳಗೆ ಬರುವ ಕಡೆ ಕೇಬಲನ್ನು ಒಂದು ಗೇಣು ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜಾಕಿನ ಹಲ್ಲಿನ ಮೇಲೆ ಹಸಿರು ಕಿಲುಬು ಕಂಡರೆ ಜಾಕ್ ಬದಲಿಸಿ. ಪೋರ್ಟಿನೊಳಗಿನ ಬೂಸ್ಟು, ಇರುವೆಗೂಡನ್ನು ಕರೆಂಟ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬ್ರಷ್ಷಿನಿಂದ ಒರೆಸಿ, ಒಣಗಿದ ಮೇಲೆ ಹಾಕಿ.

ಮೋಟರ್ ಹಾಕಿದಾಗ ನಿಲ್ಲುವ ವಿಡಿಯೊ

ಪಂಪ್ ಅಥವಾ ಮಿಕ್ಸಿ ಶುರುವಾದ ಕ್ಷಣವೇ ಚಿತ್ರ ನಿಂತು, ಎರಡು ಮೂರು ನಿಮಿಷದ ಮೇಲೆ ತಾನಾಗಿ ಬಂದರೆ ರೂಟರ್ ಆಫ್ ಆಗಿ ಆನ್ ಆಗುತ್ತಿದೆ. ವೋಲ್ಟೇಜ್ ಇಳಿದಾಗ ಹಳೆಯ ಅಡಾಪ್ಟರ್ ತಾಳಿಕೊಳ್ಳುವುದಿಲ್ಲ. 12 ವೋಲ್ಟಿನ ಅಡಾಪ್ಟರಾದರೆ ಅದರ ವೋಲ್ಟೇಜನ್ನು ಮಲ್ಟಿಮೀಟರಿನಿಂದ ರೂಟರ್ ಓಡುತ್ತಿರುವಾಗಲೇ ಅಳೆಯಬೇಕು, ಬಿಚ್ಚಿಟ್ಟು ಅಳೆದರೆ ಸತ್ತ ಅಡಾಪ್ಟರೂ 12 ವೋಲ್ಟ್ ತೋರಿಸುತ್ತದೆ. 11.4ಕ್ಕಿಂತ ಕೆಳಗಿಳಿದರೆ ಬದಲಿಸಿ. ಹೊಸದರ ವೋಲ್ಟ್ ಹಳೆಯದರಷ್ಟೇ ಇರಬೇಕು, ಆ್ಯಂಪ್ ಅಷ್ಟೇ ಅಥವಾ ಹೆಚ್ಚು, ಪಿನ್ನಿನ ಒಳಗಿನ ತುದಿ ಪ್ಲಸ್ ಎಂಬುದನ್ನು ಎರಡರ ಚೀಟಿಯಲ್ಲೂ ನೋಡಿ. ರೂಟರಿಗೂ ಸ್ವಿಚ್ಚಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿದರೆ ಈ ದೋಷವೂ ಕರೆಂಟ್ ಹೋಗಿ ಬಂದಾಗಿನ ತೊಂದರೆಯೂ ಒಟ್ಟಿಗೆ ತೀರುತ್ತವೆ. ಸ್ವಿಚ್ 5 ವೋಲ್ಟಿನದೋ 12ರದೋ ಮೊದಲು ನೋಡಿಕೊಳ್ಳಿ. ಕರೆಂಟ್ ಬಂದ ಮೇಲೆ ಡಿಸ್ಕಿನ ವಿಳಾಸ ಬದಲಾಗಿ ಟಿವಿಗೆ ಸಿಗದೆ ಹೋದರೆ, ರೂಟರಿನಲ್ಲಿ ಅದಕ್ಕೆ ಖಾಯಂ ವಿಳಾಸ ಕಾದಿರಿಸಿ.

ಎರಡು ಕಟ್ಟಡಗಳ ನಡುವೆ

ಮನೆಯಿಂದ ಕಾಟೇಜಿಗೆ, ಅಂಗಳ ಅಥವಾ ಕಣ ದಾಟಿ ಲ್ಯಾನ್ ಕೇಬಲ್ ಎಳೆಯಬೇಡಿ. ಏಪ್ರಿಲ್-ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರ ಬಿದ್ದರೂ ಸಾಕು, ಉದ್ದದ ತಾಮ್ರದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಸ್ವಿಚ್, ಟಿವಿಗಳನ್ನು ಒಮ್ಮೆಗೇ ಸುಡುತ್ತದೆ. ಎದುರುಬದುರು ಹಾಕುವ ಹೊರಾಂಗಣ ವೈಫೈ ಜೋಡಿ ಚೆನ್ನಾಗಿದೆ, ಆದರೆ ನಡುವೆ ಮರ ಇರಬಾರದು. ಸಿಲ್ವರ್ ಮರದ ಒದ್ದೆ ಎಲೆಗಳ ಹಿಂದೆ 5 ಗಿಗಾಹರ್ಟ್ಸ್ ಹೋಗುವುದಿಲ್ಲ. ಬೇಸಿಗೆಯಲ್ಲಿ ಓಡಿ ಜೂನಿನಲ್ಲಿ ಸತ್ತ ಜೋಡಿಗಳಿಗೆ ಮೊದಲು ಹುಡುಕಬೇಕಾದ ಕಾರಣ ಇದು.

ಅಲ್ಲಿಗೆ ಸರಿಯಾದದ್ದು ಫೈಬರ್. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಒಂದು ಎಳೆಯ ಸಿಂಗಲ್ ಮೋಡ್ ಡ್ರಾಪ್ ಕೇಬಲ್, ಎರಡು ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಬೆಸೆಯುವ ಡಬ್ಬ) ಜೋಡಿ ಸಾಕು. ಹಾಕಿದ ಮೇಲೆ ಫೈಬರಿನ ದೀಪ ಹತ್ತದಿದ್ದರೆ ಮೂರು ಸಂಗತಿ ನೋಡಿ. ಜೋಡಿಯಲ್ಲಿ ಒಂದು ಎ, ಇನ್ನೊಂದು ಬಿ ಇರಬೇಕು. ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ, ಎರಡು ಎ ಕೊಂಡು ತಂದರೆ ಎಂದೂ ಮಾತಾಡವು. ನೀಲಿ ಕನೆಕ್ಟರಿಗೆ ನೀಲಿ, ಹಸಿರಿಗೆ ಹಸಿರು ಸೇರಬೇಕು. ಹಸಿರಿನ ತುದಿ ಓರೆಯಾಗಿ ಕೆತ್ತಿದ್ದು, ನೀಲಿಗೆ ಸೇರಿಸಿದರೆ ನಡುವೆ ಸಂದು ಉಳಿಯುತ್ತದೆ. ಮೂರನೆಯದು ಧೂಳು. ಕನೆಕ್ಟರಿನ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿನ ಹತ್ತಿರ ತಂದು ನೋಡಲೂ ಬೇಡಿ. ಕಾಣದ ಲೇಸರ್ ಕಣ್ಣಿಗೆ ಅಪಾಯ.

ಡ್ರಾಪ್ ಕೇಬಲಿನ ಜೊತೆ ತೂಗುಹಾಕಲು ಒಂದು ಉಕ್ಕಿನ ತಂತಿ ಬಂದಿರುತ್ತದೆ. ಅದು ಸಿಡಿಲನ್ನು ಒಳಗೆ ತರಬಲ್ಲದು. ಅದನ್ನು ಸೂರಿನ ಹೊರಗಿನ ಕೊಕ್ಕೆಗೇ ಕಟ್ಟಿ ಅಲ್ಲೇ ಕತ್ತರಿಸಿ, ಗಾಜಿನ ಎಳೆ ಇರುವ ಭಾಗವನ್ನು ಮಾತ್ರ ಒಳಗೆ ತನ್ನಿ. ಸಪೋರ್ಟಿಗೆ ಲೋಹವೇ ಇಲ್ಲದ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಬೀಳುವ ರೆಂಬೆಗಳ ಕೆಳಗೆ ಹಾಯಿಸುವ ಬದಲು ಒಂದೂವರೆ ಅಡಿ ಆಳದ ಕಾಲುವೆ ತೋಡಿ ಪೈಪಿನಲ್ಲಿ ಹೂತರೆ ಗಾಳಿಮಳೆಯ ಚಿಂತೆ ಇಲ್ಲ. ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ, ಮುಂದೆ ಇನ್ನೊಂದು ಎಳೆ ಬೇಕಾದಾಗ ಮತ್ತೆ ಅಗೆಯಬೇಕಾಗಿಲ್ಲ.